ವಿರೇಚನ (ಭೇದಿ) ಚಿಕಿತ್ಸೆಯ ಪೂರ್ವಕರ್ಮ (ಪೂರ್ವಸಿದ್ಧತೆ) ಹಾಗೂ ಪಥ್ಯಕ್ರಮವನ್ನು ಮೊಟಕುಗೊಳಿಸಿದ ಬಗ್ಗೆ ದೂರು

ಇವರಿಗೆ,
ಮುಖ್ಯ ವೈದ್ಯಾಧಿಕಾರಿಗಳು ಮತ್ತು ವ್ಯವಸ್ಥಾಪಕರು,
ಪಂಚಕರ್ಮ ಚಿಕಿತ್ಸಾ ಕೇಂದ್ರ

ಮಾನ್ಯರೇ,

ಕಳೆದ ತಿಂಗಳು ನನ್ನ ತಾಯಿಯವರು ತಮ್ಮ ಕೇಂದ್ರದಲ್ಲಿ ಏಳು ದಿನ ಒಳರೋಗಿಯಾಗಿದ್ದು, ದೇಹಶುದ್ಧಿಯ ಶೋಧನ ಮತ್ತು ಬಲವರ್ಧನೆಯ ರಸಾಯನದ ಪ್ಯಾಕೇಜಿನಡಿ ಚಿಕಿತ್ಸೆ ಪಡೆದರು. ಅವರಿಗೆ 64 ವರ್ಷ. ಬಹುಕಾಲದ ಮಲಬದ್ಧತೆ, ಮೈ ತುರಿಕೆ ಇದ್ದು, ರಕ್ತದೊತ್ತಡಕ್ಕೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಈ ಮೂರೂ ಸಂಗತಿಗಳನ್ನು ದಾಖಲಾತಿಯ ದಿನವೇ ನಾನು ಬರೆದುಕೊಟ್ಟಿದ್ದೇನೆ. ಏಳು ದಿನವೂ ಅವರ ಜೊತೆಯಲ್ಲೇ ಇದ್ದೆನಾದ್ದರಿಂದ ಮುಂದೆ ಬರೆಯುವುದೆಲ್ಲ ನಾನು ಕಣ್ಣಾರೆ ಕಂಡದ್ದು.

ಮೊದಲನೆಯ ದಿನ ವೈದ್ಯರು ಹತ್ತು ನಿಮಿಷ ನಾಡಿ ನೋಡಿ, ನಾಲಿಗೆ ನೋಡಿ, ವಿರೇಚನ ಮಾಡಿಸೋಣವೆಂದು ತೀರ್ಮಾನಿಸಿದರು. ಆ ತೀರ್ಮಾನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮರುದಿನ ಬೆಳಗ್ಗೆ ಆರೂವರೆಗೆ ಸ್ನೇಹಪಾನಕ್ಕೆಂದು, ಅಂದರೆ ಶೋಧನಕ್ಕೆ ಮೊದಲು ಔಷಧೀಯ ತುಪ್ಪ ಕುಡಿಸಲೆಂದು, ಬಂದ ತಟ್ಟೆಯಲ್ಲಿ ಐದು ಸ್ಟೀಲ್ ಲೋಟಗಳಿದ್ದವು. ಐದರಲ್ಲೂ ಔಷಧೀಯ ತುಪ್ಪ ಒಂದೇ ಮಟ್ಟಕ್ಕೆ ತುಂಬಿತ್ತು. ಯಾವ ಲೋಟದ ಮೇಲೂ ಹೆಸರಿರಲಿಲ್ಲ. ಯಾರದು ಯಾವುದೆಂದು ಕೇಳಿದಾಗ, ಎಲ್ಲರಿಗೂ ಒಂದೇ ಅಳತೆ ಎಂದು ಸಿಬ್ಬಂದಿ ಹೇಳಿದರು. ಸ್ನೇಹಪಾನದಲ್ಲಿ ಮೊದಲು ಅಲ್ಪ ಪ್ರಮಾಣ ಕೊಟ್ಟು, ಅದು ಎಷ್ಟು ಹೊತ್ತಿಗೆ ಜೀರ್ಣವಾಯಿತು, ಹಸಿವು ಯಾವಾಗ ಮರಳಿತು ಎಂಬುದನ್ನು ಗಮನಿಸಿ ಮರುದಿನದ ಪ್ರಮಾಣ ಏರಿಸುವುದು ಕ್ರಮ. ಹಸಿವಾಯಿತೇ ಎಂದು ಸ್ನೇಹಪಾನ ನಡೆದ ಮೂರು ದಿನವೂ ನನ್ನ ತಾಯಿಯನ್ನು ಯಾರೂ ಕೇಳಲಿಲ್ಲ.

ಸ್ನೇಹಪಾನ ಅದರ ಮೂರನೆಯ ದಿನಕ್ಕೇ ಮುಗಿಯಿತೆಂದರು. ಮೃದು ಕೋಷ್ಠದವರಿಗೆ (ಸುಲಭವಾಗಿ ಮಲವಿಸರ್ಜನೆಯಾಗುವವರಿಗೆ) ಮೂರು ದಿನ ಸಾಲಬಹುದು, ಕ್ರೂರ ಕೋಷ್ಠದವರಿಗೆ (ಕಷ್ಟದಿಂದ ಆಗುವವರಿಗೆ) ಏಳು ದಿನದವರೆಗೂ ಬೇಕಾಗುತ್ತದೆ ಎಂಬುದು ಆಯುರ್ವೇದದ ಯಾವ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ವರ್ಷಗಟ್ಟಲೆ ಮಲಬದ್ಧತೆಯಿಂದ ನರಳುವವರದು ಮೃದು ಕೋಷ್ಠ ಆಗಿರಲಾರದು. ಮಲದಲ್ಲಿ ಜಿಡ್ಡಿನ ಅಂಶ ಕಾಣುವುದು, ಚರ್ಮ ನಯವಾಗುವುದು, ತುಪ್ಪವೆಂದರೆ ಬೇಸರ ಬರುವುದು ಮುಂತಾದ ಲಕ್ಷಣಗಳು ಕಂಡ ಮೇಲೆ ಮಾತ್ರ ಸ್ನೇಹಪಾನ ನಿಲ್ಲಿಸಬೇಕು. ನನ್ನ ತಾಯಿಗೆ ಆ ಹೊತ್ತಿಗೂ ಮಲ ಗಟ್ಟಿಯಾಗಿ, ಒಣಗಿದಂತೆಯೇ ಹೋಗುತ್ತಿತ್ತು. ಇದನ್ನು ತಿಳಿಸಿದಾಗ, ವಿರೇಚನ ಆರನೆಯ ದಿನಕ್ಕೆ ನಿಗದಿಯಾಗಿದೆ, ಆಮೇಲೆ ಕೊಠಡಿ ಬೇರೆಯವರಿಗೆ ಬುಕ್ ಆಗಿದೆ ಎಂಬ ಉತ್ತರ ಬಂತು. ಈ ಒಂದು ಮಾತಿನಲ್ಲೇ ನನ್ನ ದೂರಿನ ತಿರುಳೆಲ್ಲ ಇದೆ: ಚಿಕಿತ್ಸೆಯ ದಿನಗಳನ್ನು ಗೊತ್ತುಮಾಡಿದ್ದು ರೋಗಿಯ ದೇಹಸ್ಥಿತಿಯಲ್ಲ, ತಮ್ಮ ಕೊಠಡಿಗಳ ಪಟ್ಟಿ.

ಸ್ನೇಹಪಾನ ಮುಗಿದ ಮೇಲೆ ವಿರೇಚನಕ್ಕೆ ಮೊದಲು ಮೂರು ದಿನ ಅಭ್ಯಂಗ (ಎಣ್ಣೆ ಹಚ್ಚಿ ತಿಕ್ಕುವುದು), ಸ್ವೇದನ (ಬೆವರಿಸುವುದು) ನಡೆಯಬೇಕಿತ್ತು. ನಡೆದದ್ದು ಒಂದೇ ದಿನ. ಆರನೆಯ ದಿನ ಬೆಳಗ್ಗೆ ಭೇದಿಯ ಲೇಹ್ಯ ಕೊಟ್ಟರು. ನಾನು ದಿನಪತ್ರಿಕೆಯ ಅಂಚಿನಲ್ಲಿ ಭೇದಿಯಾದ ಪ್ರತಿ ಸಲಕ್ಕೂ ಒಂದೊಂದು ಗೆರೆ ಎಳೆಯುತ್ತಾ ಕುಳಿತಿದ್ದೆ. ಮಧ್ಯಾಹ್ನ ಎರಡರ ಹೊತ್ತಿಗೆ ಆರು ಗೆರೆಗಳಾಗಿದ್ದವು, ಆಮೇಲೆ ವೇಗ (ಭೇದಿಯ ಒಂದೊಂದು ಸಲಕ್ಕೆ ಹೀಗೆನ್ನುತ್ತಾರೆ) ನಿಂತೇಹೋಯಿತು. ಹೊಟ್ಟೆ ಉಬ್ಬರಿಸಿ, ತಲೆ ಸುತ್ತಿ, ಹಾಸಿಗೆಯಿಂದ ಏಳಲು ಅವರು ನನ್ನ ಭುಜ ಹಿಡಿಯಬೇಕಾಯಿತು. ಅಂದು ರಕ್ತದೊತ್ತಡ ಪರೀಕ್ಷಿಸಿದ್ದು ಬೆಳಗ್ಗೆ ಒಮ್ಮೆ ಮಾತ್ರ. ತಲೆಸುತ್ತು ಬಂದ ಮೇಲೆ ನಾನು ಎರಡು ಸಲ ಹೋಗಿ ಕರೆದರೂ ವೈದ್ಯರು ಸಂಜೆ ಐದರವರೆಗೆ ಬರಲಿಲ್ಲ. ಹೀಗಿದ್ದೂ ಡಿಸ್ಚಾರ್ಜ್ ಪತ್ರದಲ್ಲಿ ‘20 ವೇಗ, ಮಧ್ಯಮ ಶುದ್ಧಿ’ ಎಂದು ಬರೆಯಲಾಗಿದೆ. ವಿರೇಚನದಲ್ಲಿ 10 ವೇಗ ಕನಿಷ್ಠ, 20 ಮಧ್ಯಮ, 30 ಉತ್ತಮ ಎಂಬ ಲೆಕ್ಕವಿದೆ. ಮಲದೊಡನೆ ಹೋಗುವ ಮೊದಲ ಎರಡು ಮೂರು ವೇಗಗಳನ್ನು ಅದರಲ್ಲಿ ಸೇರಿಸುವಂತೆಯೂ ಇಲ್ಲ. ಹಾಗಿರುವಾಗ ಆರು ಇಪ್ಪತ್ತಾದದ್ದು ಹೇಗೆ? ಅಂದು ಎಣಿಸಲು ನನ್ನ ಹೊರತು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ನನಗೆ ಎಲ್ಲಕ್ಕಿಂತ ನೋವು ತಂದದ್ದು ಆನಂತರದ ಊಟದ ವಿಷಯ. ಶೋಧನದ ನಂತರ ಜಠರಾಗ್ನಿ ತೀರ ಮಂದವಾಗಿರುತ್ತದೆ. ಸಣ್ಣ ಕಿಡಿಗೆ ಮೊದಲು ಒಣಹುಲ್ಲು, ಆಮೇಲೆ ಚಕ್ಕೆ, ಕೊನೆಗೆ ಸೌದೆ ಒಡ್ಡಿ ಉರಿ ಮಾಡುವಂತೆ, ಮೊದಲು ತಿಳಿ ಗಂಜಿಯಾದ ಪೇಯ, ಬಳಿಕ ಗಟ್ಟಿ ಗಂಜಿಯಾದ ವಿಲೇಪಿ, ಬಳಿಕ ಹೆಸರುಬೇಳೆಯ ತಿಳಿಸಾರಾದ ಯೂಷ, ಹೀಗೆ ಹಂತ ಹಂತವಾಗಿ ಆಹಾರ ಕೊಡುವ ಸಂಸರ್ಜನ ಕ್ರಮವನ್ನು ಶುದ್ಧಿಯ ಪ್ರಮಾಣ ನೋಡಿಕೊಂಡು 3, 5 ಅಥವಾ 7 ದಿನ ಪಾಲಿಸಬೇಕು. ತಾವೇ ಬರೆದ ಮಧ್ಯಮ ಶುದ್ಧಿಯನ್ನು ಒಪ್ಪಿಕೊಂಡರೂ ಐದು ದಿನದ ಪಥ್ಯ ಆಗಬೇಕಿತ್ತು. ಅದೇ ರಾತ್ರಿ ನನ್ನ ತಾಯಿಗೆ ಬಂದದ್ದು ಚಪಾತಿ, ಪಲ್ಯ, ಮೊಸರು. ಗಂಜಿ ಸಿಗಬಹುದೇ ಎಂದು ಅಡುಗೆಮನೆಗೆ ಹೋಗಿ ಕೇಳಿದೆ. ವೈದ್ಯರಿಂದ ಚೀಟಿ ಬಂದಿಲ್ಲ ಎಂದರು. ಎರಡು ತುತ್ತು ತಿಂದು ಅವರು ತಟ್ಟೆ ಸರಿಸಿದರು.

ಮರುದಿನ ಬೆಳಗ್ಗೆಯೇ ರಸಾಯನವೆಂದು ಲೇಹ್ಯ ಆರಂಭಿಸಿದರು. ಕೊಳೆಯಾದ ಬಟ್ಟೆಗೆ ಬಣ್ಣ ಹಿಡಿಯದಂತೆ ಶುದ್ಧವಾಗದ ದೇಹಕ್ಕೆ ರಸಾಯನ ಒದಗುವುದಿಲ್ಲ ಎಂದು ಆಯುರ್ವೇದದ ಸಂಹಿತೆಗಳೇ ಹೇಳುತ್ತವೆ. ಅಗ್ನಿ ಮರಳುವ ಮೊದಲೇ ಕೊಟ್ಟ ಆ ಲೇಹ್ಯದಿಂದ ಹೊಟ್ಟೆಯ ಭಾರ ಹೆಚ್ಚಿತೇ ಹೊರತು ಬಲ ಬರಲಿಲ್ಲ. ಊರಿಗೆ ಬಂದ ಮೇಲೆ ಹನ್ನೆರಡು ದಿನ ಅವರಿಗೆ ಅನ್ನ ಸೇರಲಿಲ್ಲ. ಕೊನೆಗೆ ನಮ್ಮ ಪರಿಚಯದ ಆಯುರ್ವೇದ ವೈದ್ಯರೊಬ್ಬರು ಜೀರ್ಣಕ್ಕೆ ಪಾಚನ ಔಷಧ ಕೊಟ್ಟು, ಗಂಜಿಯಿಂದ ಮೊದಲುಮಾಡಿ ಸರಿದಾರಿಗೆ ತಂದರು.

ಈ ಪದ್ಧತಿಯ ಮೇಲೆ ನನಗೆ ಅಪನಂಬಿಕೆ ಇಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತಂದೆಯವರ ಸೊಂಟನೋವಿಗೆ ಬೇರೊಂದು ಕಡೆ ಎಂಟು ಬಸ್ತಿಗಳ (ಗುದದ್ವಾರದ ಮೂಲಕ ಔಷಧ ಕೊಡುವ ಚಿಕಿತ್ಸೆ) ಯೋಗಬಸ್ತಿ ಮಾಡಿಸಿದ್ದೆವು. ಅಲ್ಲಿ ಪ್ರತಿದಿನ ಬೆಳಗ್ಗೆ ವೈದ್ಯರೇ ಬಂದು ನಿದ್ರೆ, ಹಸಿವು, ಮಲಪ್ರವೃತ್ತಿ ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಒಂದು ದಿನ ಅಜೀರ್ಣವೆಂದು ತಿಳಿದು ಅಂದಿನ ಬಸ್ತಿಯನ್ನೇ ಮುಂದೂಡಿದ್ದರು. ಆ ನಂಬಿಕೆಯಿಂದಲೇ ತಾಯಿಯನ್ನು ತಮ್ಮಲ್ಲಿಗೆ ಕರೆತಂದೆ. ಶಾಸ್ತ್ರೋಕ್ತ ಪಂಚಕರ್ಮ ಎಂದು ತಮ್ಮ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದರಿಂದ, ಶಾಸ್ತ್ರ ಹೇಳಿದ ಕ್ರಮವನ್ನು ತಮ್ಮಿಂದ ನಿರೀಕ್ಷಿಸುವ ಹಕ್ಕು ನನಗಿದೆ.

ಆದ್ದರಿಂದ, ಸ್ನೇಹಪಾನದ ದಿನವಹಿ ಪ್ರಮಾಣ, ಕೋಷ್ಠ ಪರೀಕ್ಷೆ ಮತ್ತು ವೇಗಗಳ ಎಣಿಕೆ ಸೇರಿದಂತೆ ನನ್ನ ತಾಯಿಯವರ ಸಂಪೂರ್ಣ ಚಿಕಿತ್ಸಾ ದಾಖಲೆಯ ಪ್ರತಿಯನ್ನು ಒದಗಿಸಬೇಕು. ‘20 ವೇಗ’ ಎಂದು ಬರೆದವರು ಯಾರು, ಯಾವ ಆಧಾರದ ಮೇಲೆ ಬರೆದರು ಎಂಬುದಕ್ಕೆ ಲಿಖಿತ ವಿವರಣೆ ನೀಡಬೇಕು. ಕ್ರಮತಪ್ಪಿ ನಡೆಸಿದ ವಿರೇಚನ ಮತ್ತು ರಸಾಯನಕ್ಕೆ ಪಡೆದ ಶುಲ್ಕವನ್ನು ಹಿಂದಿರುಗಿಸಬೇಕು ಎಂದು ಕೋರುತ್ತೇನೆ. ಜೊತೆಗೆ, ಮುಂದೆ ಬರುವ ರೋಗಿಗಳಿಗೆ ಏಳು ದಿನದ ಪ್ಯಾಕೇಜಿನಲ್ಲಿ ವಿರೇಚನವನ್ನು ಸೇರಿಸುವುದನ್ನು ದಯವಿಟ್ಟು ನಿಲ್ಲಿಸಿ. ಪೂರ್ವಕರ್ಮದಿಂದ ಪಥ್ಯದವರೆಗಿನ ಕ್ರಮ ಅಷ್ಟು ದಿನಗಳಲ್ಲಿ ಮುಗಿಯುವಂಥದ್ದಲ್ಲವೆಂಬುದು ನನಗಿಂತ ತಮಗೇ ಚೆನ್ನಾಗಿ ಗೊತ್ತು.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾನ್ಯೂನತೆಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಡಿಸ್ಚಾರ್ಜ್ ಪತ್ರ, ಹಣ ಪಾವತಿಯ ರಸೀದಿ ಮತ್ತು ನಾನು ಗೆರೆ ಎಳೆದಿದ್ದ ದಿನಪತ್ರಿಕೆಯ ಪುಟ, ಇವುಗಳ ನಕಲುಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ರೋಗಿಯ ಮಗಳು