ಅಮ್ಮನ ಪ್ಯಾಚ್ ವಿಷಯ

ಲೀಡ್ಸ್
ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ನಿನ್ನೆ ಫೋನಿನಲ್ಲಿ ಅವಸರವಾಯಿತು. ಅದಕ್ಕೇ ಕೂತು ಬರೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೇನೆ. ಪ್ರಿಂಟ್ ತೆಗೆಸಿ ಫ್ರಿಜ್ ಮೇಲೆ ಅಂಟಿಸು.

ಮರೆವಿನ ಕ್ಯಾಪ್ಸೂಲ್ ನುಂಗಿ ನುಂಗಿ ಅಮ್ಮನಿಗೆ ಊಟವೇ ಬೇಡವಾಗಿತ್ತು. ಡಾಕ್ಟರು ಅದೇ ರಿವಾಸ್ಟಿಗ್ಮಿನ್ ಔಷಧಿಯನ್ನು ಚರ್ಮಕ್ಕೆ ಅಂಟಿಸುವ ಪ್ಯಾಚ್‌ನಲ್ಲಿ ಬರೆದುಕೊಟ್ಟಿದ್ದು ಒಳ್ಳೆಯದೇ ಆಯಿತು. ಕ್ಯಾಪ್ಸೂಲ್ ಆದರೆ ಔಷಧಿ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ, ಹೊಟ್ಟೆ ತೊಳಸುತ್ತದೆ. ಪ್ಯಾಚ್‌ನಿಂದ 24 ಗಂಟೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ವಾಂತಿ ಪೂರ್ತಿ ನಿಲ್ಲದಿದ್ದರೂ ಕಮ್ಮಿಯಾಗುತ್ತದೆ.

"ಚರ್ಮದಿಂದ ಔಷಧಿ ಹೋಗುತ್ತಾ, ಸುಮ್ನೆ ದುಡ್ಡು ದಂಡ ಅಲ್ವಾ" ಅಂತ ಭಾವ ಕೇಳಿದರಲ್ಲ, ಹೋಗುತ್ತದೆ ಅಂತ ಹೇಳು. ಔಷಧಿಯ ಅಣು ಚಿಕ್ಕದಿರಬೇಕು, ಜಿಡ್ಡಿನಲ್ಲಿ ಕರಗಬೇಕು. ಪ್ರಯಾಣದ ವಾಂತಿಗೆ ಕಿವಿ ಹಿಂದೆ ಅಂಟಿಸುವ ಪ್ಯಾಚ್‌ಗೆ ಅಮೆರಿಕದಲ್ಲಿ 1979ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಭಾವನ ಇನ್ಸುಲಿನ್ ಅಣು ಮಾತ್ರ ತೀರಾ ದೊಡ್ಡದು, ಹೀಗೆ ಒಳಗೆ ಹೋಗುವುದಿಲ್ಲ. ಅವರಿಗೆ ಸೂಜಿಯೇ ಆಗಬೇಕು.

ಅಕ್ಕಾ, ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡ. ಹಳೆಯದನ್ನು ಕಿತ್ತ ಮೇಲೇ ಹೊಸದು. ನಾನು ಮೊದಲು ಕೆಲಸ ಮಾಡುತ್ತಿದ್ದ ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜಿ ಬೆಳಿಗ್ಗೆಯಿಂದ ವಾಂತಿ ಮಾಡುತ್ತಿದ್ದರು. ಮೈಯೆಲ್ಲ ಬೆವರು, ನಾಡಿ ತೀರಾ ನಿಧಾನ. ಬಟ್ಟೆ ಬದಲಿಸಲು ಬೆನ್ನು ನೋಡಿದರೆ ಮೂರು ಪ್ಯಾಚ್! ಪಾಳಿ ಬದಲಾದಾಗ ಬಂದವರೆಲ್ಲ ಹೊಸದನ್ನು ಅಂಟಿಸಿದ್ದರು, ಹಳೆಯದನ್ನು ಯಾರೂ ತೆಗೆದಿರಲಿಲ್ಲ. ಅಜ್ಜಿ ಉಳಿದುಕೊಂಡರು. ಆದರೆ ಆ ತಣ್ಣನೆಯ ಬೆನ್ನು ನನ್ನ ಕೈಗೆ ಇನ್ನೂ ನೆನಪಿದೆ. ನಮ್ಮನೆಯಲ್ಲೂ ಒಂದು ದಿನ ನೀನು, ಒಂದು ದಿನ ಅತ್ತಿಗೆ ಅಂಟಿಸುತ್ತೀರಿ. ಅದಕ್ಕೇ ಪ್ಯಾಚ್ ಮೇಲೆ ಸಣ್ಣ ಬಾಲ್‌ಪೆನ್ನಿನಲ್ಲಿ ಅವತ್ತು ಸೋಮವಾರವೋ ಮಂಗಳವಾರವೋ ಅಂತ ಬರೆಯಿರಿ. ಕಿತ್ತದ್ದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಬೆನ್ನಿನ ಮೇಲ್ಭಾಗಕ್ಕೇ ಅಂಟಿಸು, ಅಮ್ಮನ ಕೈಗೆ ಎಟುಕಬಾರದು. ಅಂಗೈಯಿಂದ 30 ಸೆಕೆಂಡ್ ಒತ್ತಿ ಹಿಡಿ. ಒಂದೇ ಜಾಗಕ್ಕೆ 14 ದಿನ ಮತ್ತೆ ಹಾಕಬೇಡ, ಚರ್ಮ ಕೆಂಪಾಗುತ್ತದೆ. ಕತ್ತರಿಸಲೇಬಾರದು. ಶನಿವಾರದ ಎಣ್ಣೆ ಸ್ನಾನ ಬಿಡಿಸಬೇಡ, ಅಮ್ಮನಿಗೆ ಅದೊಂದೇ ಖುಷಿ. ಬೆನ್ನಿಗೆ ಮಾತ್ರ ಎಣ್ಣೆ ಬೇಡ, ಜಿಡ್ಡಿದ್ದರೆ ಪ್ಯಾಚ್ ನಿಲ್ಲುವುದಿಲ್ಲ. ಸ್ನಾನ ಆದಮೇಲೆ ಬಚ್ಚಲ ಒಲೆಯ ಮುಂದೆ ಬೆನ್ನು ಕಾಯಿಸಿಕೊಂಡು ಕೂರಲು ಬಿಡಬೇಡ.

ಕಿತ್ತ ಪ್ಯಾಚ್‌ನಲ್ಲೂ ಔಷಧಿ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಚಿ, ಪುಟ್ಟನ ಕೈಗೆ ಸಿಗದ ಹಾಗೆ ಬಿಸಾಡು. ಆಮೇಲೆ ಸೋಪು ಹಾಕಿ ಕೈ ತೊಳೆ, ಅದಕ್ಕೆ ಮೊದಲು ಕಣ್ಣು ಮುಟ್ಟಬೇಡ. ಮೂರು ದಿನಕ್ಕಿಂತ ಜಾಸ್ತಿ ತಪ್ಪಿದರೆ ನೀವೇ ಶುರು ಮಾಡಬೇಡಿ, ಡಾಕ್ಟರನ್ನು ಕೇಳಿ. ವಾರಕ್ಕೊಮ್ಮೆ ಅಮ್ಮನ ತೂಕ ನೋಡಿ ನನಗೆ ಕಳಿಸು.

ಮಂಗಳವಾರ ಬೆಳಿಗ್ಗೆ ಮೊದಲನೆಯದನ್ನು ಅಂಟಿಸುವಾಗ ವಿಡಿಯೋ ಕಾಲ್ ಮಾಡು. ಇಲ್ಲಿ ಇನ್ನೂ ಕತ್ತಲೆ ಇರುತ್ತದೆ, ಎದ್ದಿರುತ್ತೇನೆ. ಅಮ್ಮ ನನ್ನ ಹೆಸರು ಹೇಳದಿದ್ದರೂ ಪರವಾಗಿಲ್ಲ, ಮುಖ ನೋಡಬೇಕು.

ನಿನ್ನ ತಂಗಿ