ಕೊನೆಗಾಲದ ಮಾತು ಬರೆಸಲು ಎಲ್ಲಿಗೆ ಹೋಗಬೇಕು?

ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ನಮ್ಮ ಅಪ್ಪಯ್ಯ ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್, ಔಷಧಿ ನಾಟುವ ಹಂತ ದಾಟಿತ್ತು. ಕೊನೆಯ ಹನ್ನೊಂದು ದಿನ ಜಿಲ್ಲೆಯ ಹೊರಗಿನ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದರು. ಗಂಟಲಿನ ನಳಿಕೆ ಕಿತ್ತುಕೊಳ್ಳಬಾರದು ಅಂತ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು, ಮಣಿಕಟ್ಟಿನ ಸುತ್ತ ಕೆಂಪು ಗೆರೆ ಎದ್ದಿತ್ತು. ಒಳಗೆ ಬಿಡುತ್ತಿದ್ದ ಹತ್ತು ನಿಮಿಷದಲ್ಲಿ ನಮ್ಮ ಆಯಿ (ಅಮ್ಮ) ಆ ಗೆರೆಗೆ ತೆಂಗಿನೆಣ್ಣೆ ಸವರಿ ಬರುತ್ತಿದ್ದಳು. "ನನಗೆ ಮಷಿನ್ ಎಲ್ಲ ಹಾಕಿಸಬೇಡಿ, ಮನೆಯಲ್ಲೇ ಇರ್ತೇನೆ" ಅಂತ ಅಪ್ಪಯ್ಯ ಮೊದಲೇ ಹೇಳಿದ್ದರು. ಬಾಯಿಮಾತು ಅಷ್ಟೆ. ಅದನ್ನು ಬರೆದಿಡಬಹುದು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಷಿನ್ ತೆಗೆಯಿರಿ ಅನ್ನಲು ನಮಗೆ ಧೈರ್ಯ ಸಾಲಲಿಲ್ಲ, ಡಾಕ್ಟರಿಗೆ ಕೇಸ್ ಆದೀತು ಅನ್ನೋ ಭಯ.

ತಿಥಿ ಎಲ್ಲ ಮುಗಿದ ಮೇಲೆ ತಿಳಿಯಿತು. ಕೊನೆಗಾಲದಲ್ಲಿ ಮಷಿನ್ ಬೇಡ ಅಂತ ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ, 2023ರಲ್ಲಿ ನಿಯಮ ಸಡಿಲಿಸಿದೆ. ಮೊದಲು ಆ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಈಗ ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿ ಕೊನೆಗೆ ನಮ್ಮ ಆರೋಗ್ಯ ಇಲಾಖೆಯೇ ಸುತ್ತೋಲೆ ಹೊರಡಿಸಿದೆ. ಮಷಿನ್ ನಿಲ್ಲಿಸುವ ಮೊದಲು ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ ರೋಗಿಯನ್ನು ನೋಡಬೇಕು, ಆಮೇಲೆ ಇನ್ನೂ ಮೂವರ ಮಂಡಳಿ, ಮನೆಯವರ ಒಪ್ಪಿಗೆಯೂ ಬೇಕು. ಅಂದರೆ ಯಾರೋ ಒಬ್ಬರು ಸುಮ್ನೆ ಸ್ವಿಚ್ ಆರಿಸುವುದಲ್ಲ. ಅಮೆರಿಕದ ಒರೆಗಾನ್‌ನಲ್ಲಿ 1997ರಿಂದ ಇರುವ ಕಾನೂನೇ ಬೇರೆ, ಅಲ್ಲಿ ಆರು ತಿಂಗಳೊಳಗೆ ಸಾಯುವ ರೋಗಿ ವೈದ್ಯರು ಬರೆದುಕೊಟ್ಟ ಔಷಧಿಯನ್ನು ತಾನೇ ಸೇವಿಸಬಹುದು. ನಮ್ಮಲ್ಲಿ ಅದಕ್ಕೆ ಅವಕಾಶವಿಲ್ಲ. ಗುಣವಾಗದು ಅಂತ ಖಚಿತವಾದ ಮೇಲೆ ಮಷಿನ್ ನಿಲ್ಲಿಸುವುದು, ಇಲ್ಲವೇ ಹಾಕದೇ ಇರುವುದು, ಇಷ್ಟೇ.

ದೇಶದಲ್ಲಿ ಈ ಮಾತು ಜೋರಾಗಿ ಎದ್ದಿದ್ದು ನಮ್ಮ ಹೊನ್ನಾವರ ತಾಲೂಕಿನ ಮಗಳಿಂದ ಅಲ್ವಾ? ಹಳದೀಪುರದ ಅರುಣಾ ಶಾನಭಾಗ, ಮುಂಬೈ ಕೆಇಎಂ ಆಸ್ಪತ್ರೆಯ ನರ್ಸ್. 1973ರ ಹಲ್ಲೆಯ ನಂತರ ಸುಮಾರು 42 ವರ್ಷ ಹಾಸಿಗೆಯಲ್ಲೇ ಇದ್ದು 2015ರಲ್ಲಿ ತೀರಿಕೊಂಡರು. ಅಲ್ಲಿನ ನರ್ಸ್‌ಗಳು ಅವರನ್ನು ನೋಡಿಕೊಂಡ ರೀತಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಅರುಣಾ ಅವರಿಗೆ ಏನು ಬೇಕಿತ್ತು ಅಂತ ತಿಳಿಯಲು ಯಾರಿಗೂ ದಾರಿ ಇರಲಿಲ್ಲ.

ಈಗ ದಾರಿ ಇದೆ, ಆದರೆ ಕಾಗದದ ಮೇಲೆ. ನಾನು ತಾಲೂಕಿನಲ್ಲಿ ಎರಡು ಕಡೆ ಹೋಗಿ ಕೇಳಿದೆ, ಯಾರೂ ಸರಿಯಾಗಿ ಹೇಳಲಿಲ್ಲ. ನೋಟರಿಯೊಬ್ಬರು ಆಸ್ತಿಯ ವಿಲ್ ಆದರೆ ಮಾಡಿಕೊಡ್ತೇನೆ ಅಂದರು. ಕನ್ನಡದ ಒಂದು ನಮೂನೆ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಸಿಗಲಿ. ಬರೆಸಿದ ಪತ್ರದ ಪ್ರತಿಯನ್ನು ಪಂಚಾಯ್ತಿಯಲ್ಲಿ ಯಾರು ಕಾಪಾಡಿ ಇಡುತ್ತಾರೆ ಅಂತ ಬೋರ್ಡ್ ಹಾಕಲಿ. ಆಶಾ ಕಾರ್ಯಕರ್ತೆಯರಿಗೂ ಇದನ್ನು ಹೇಳಿಕೊಡಲಿ, ಮನೆಮನೆಯ ಬಾಗಿಲು ಗೊತ್ತಿರುವವರು ಅವರೇ. ಹಾಗೆಯೇ ಮನೆಯಲ್ಲೇ ಇರ್ತೇನೆ ಅನ್ನುವವರಿಗೆ ನೋವು ಕಡಿಮೆ ಮಾಡುವ ಔಷಧಿ ಹತ್ತಿರದಲ್ಲೇ ಸಿಗಬೇಕು, ಅದಿಲ್ಲದೆ ಮನೆಗೆ ಕಳಿಸಿದರೆ ಅದು ಇನ್ನೂ ದೊಡ್ಡ ಹಿಂಸೆ.

ಆಯಿಗೆ ಈಗ ಎಪ್ಪತ್ನಾಲ್ಕು. ತನ್ನದನ್ನು ಕೈಕಾಲು ಗಟ್ಟಿ ಇರುವಾಗಲೇ ಬರೆಸಬೇಕು ಅಂತ ದಿನಾ ಕೇಳುತ್ತಿದ್ದಾಳೆ. ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ, ಜಿಲ್ಲಾ ಆರೋಗ್ಯಾಧಿಕಾರಿಗಳು ದಯವಿಟ್ಟು ಈ ಪತ್ರಿಕೆಯ ಮೂಲಕವೇ ತಿಳಿಸಲಿ.

– ಓದುಗ, ಹೊನ್ನಾವರ