ಮೀನಿನ ತೊಟ್ಟಿ ತೊಳೆಯಬೇಡಿ, ನೀರು ಬದಲಿಸಿ

ಮಾನ್ಯ ಸಂಪಾದಕರೇ,

ಹೋಟೆಲು, ನರ್ಸಿಂಗ್ ಹೋಮು, ಒಡವೆ ಅಂಗಡಿ, ಕಲ್ಯಾಣ ಮಂಟಪ ಅಂತ ಮೈಸೂರಿನಲ್ಲಿ ನಾಲ್ಕು ಜನ ಕೂತು ಕಾಯುವ ಕಡೆಯೆಲ್ಲ ಈಗ ಗಾಜಿನ ಮೀನುತೊಟ್ಟಿ ಕಾಣುತ್ತದೆ. ಹಲವು ಕಡೆ ಅದರಲ್ಲಿ ಒಂದೇ ಒಂದು ದೊಡ್ಡ ಮೀನು: ಆಸ್ಕರ್, ಫ್ಲವರ್‌ಹಾರ್ನ್, ಇಲ್ಲವೇ ಅರೋವಾನ. ವಾಸ್ತುವಿಗೆಂದು ತಂದವರಿದ್ದಾರೆ, ಅಂದಕ್ಕೆಂದು ತಂದವರಿದ್ದಾರೆ. ತಂದ ಮೇಲೆ ನೋಡಿಕೊಳ್ಳುವವರು ಯಾರು ಎಂಬುದು ಮಾತ್ರ ತೀರ್ಮಾನವಾಗಿರುವುದಿಲ್ಲ. ಅಂಥ ಒಂದು ಮೀನಿನ ವಿಷಯವಾಗಿ ಈ ಪತ್ರ.

ನಮ್ಮ ಯಜಮಾನರಿಗೆ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿದೆ. ಒಂದು ಸಲಕ್ಕೆ ನಾಲ್ಕು ಗಂಟೆ. ಅಷ್ಟು ಹೊತ್ತು ಹೊರಗೆ ಕೂರುವ ನನ್ನಂಥವರ ಕಣ್ಣೆದುರಿಗೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿ. ಅದರಲ್ಲಿ ಹೆಚ್ಚುಕಡಿಮೆ ಒಂದಡಿಯ ಆಸ್ಕರ್. ಈ ಜಾತಿಯ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಕಣಿವೆ. ಅಂಗಡಿಯಲ್ಲಿ ಎರಡು ಬೆರಳಗಲದ ಮರಿಯಾಗಿ ಮಾರುತ್ತಾರೆ. ಅದು ಒಂದಡಿ ಬೆಳೆಯುತ್ತದೆ, ಹತ್ತು ವರ್ಷ ದಾಟಿ ಬದುಕುತ್ತದೆ ಎಂದು ಕೊಳ್ಳುವವರಿಗೆ ಹೇಳುವವರು ಕಡಿಮೆ. ನಮ್ಮ ಆಸ್ಪತ್ರೆಯ ಆಸ್ಕರ್‌ನ ತಲೆಯ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ರೆಕ್ಕೆ ಮುದುರಿಕೊಂಡು ಮೂಲೆಗೆ ಒರಗಿಕೊಂಡಿರುತ್ತಿತ್ತು, ಆಗಾಗ ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ಅದನ್ನು ನೋಡಿ ಮಕ್ಕಳು "ಹಸಿವು ಪಾಪ" ಎಂದು ಬಿಸ್ಕತ್ತು, ಕಡ್ಲೆಪುರಿ ಹಾಕುವುದು. ಶೃಂಗೇರಿಯಲ್ಲಿ ಮೀನಿಗೆ ಪುರಿ ಹಾಕಿ ಬಂದವರಿಗೆ ಇದೂ ಪುಣ್ಯದ ಕೆಲಸವೇ. ಆದರೆ ಅಲ್ಲಿ ತುಂಗೆ ಹರಿಯುತ್ತಾಳೆ. ಇಲ್ಲಿ ತಿನ್ನದೆ ಉಳಿದದ್ದು ತಳದಲ್ಲಿ ಕೊಳೆಯುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಸುಮ್ಮನೆ ಕೂರಲಾಗಲಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಕಿಟ್ ಸಿಗುತ್ತದೆ, ತಂದೆ. ರಿಸೆಪ್ಷನ್‌ನಲ್ಲಿ ಕೇಳಿ ಒಂದು ಸಣ್ಣ ಬಾಟಲಿ ನೀರು ಹಿಡಿದೆ. ಅಮೋನಿಯಾ ಇಲ್ಲದ ನೀರು ಹಳದಿಯಾಗಿ ನಿಲ್ಲಬೇಕು. ಇದು ಕಡು ಹಸಿರಾಯಿತು. ಪಿಎಚ್, ಅಂದರೆ ನೀರಿನ ಹುಳಿಯ ಅಳತೆ (7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು), ನೋಡಿದರೆ 6ರ ಹತ್ತಿರ. ನಮ್ಮ ಮನೆಯ ನಲ್ಲಿ ನೀರು ಅದೇ ಕಿಟ್‌ನಲ್ಲಿ 8ರ ಹತ್ತಿರ ಬರುತ್ತದೆ. ತೊಟ್ಟಿಯ ನೀರು ಕಣ್ಣಿಗೆ ಮಾತ್ರ ತಿಳಿಯಾಗಿಯೇ ಇತ್ತು.

ಹೀಗಾಗುವುದು ಏಕೆಂದರೆ, ಮೀನು ತನ್ನ ಮೈಯ ಸಾರಜನಕದ ಕಸವನ್ನು ನಮ್ಮ ಹಾಗೆ ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುವುದಿಲ್ಲ. ಬಹುಪಾಲನ್ನು ಅಮೋನಿಯಾ ರೂಪದಲ್ಲೇ ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ಉಸಿರಾಡುವುದೂ ಆ ನೀರನ್ನೇ. ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ವಿಷ, ಸೊನ್ನೆ ಇರಬೇಕು. ನೈಟ್ರೇಟ್ ಅಷ್ಟು ಕೆಡುಕಲ್ಲ, ಆದರೆ ತಾನಾಗಿ ಹೋಗುವುದಿಲ್ಲ. ನೀರು ಬದಲಿಸಿಯೇ ತೆಗೆಯಬೇಕು. ಡಯಾಲಿಸಿಸ್ ಕೊಠಡಿಯ ಬಾಗಿಲಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಯಂತ್ರ ಮಾಡುವ ಕೆಲಸವನ್ನು ಹೊರಗೆ ಒಂದು ಸ್ಪಂಜು ಮಾಡಬೇಕು, ಅಷ್ಟೇ.

ಆ ಸ್ಪಂಜನ್ನು ನಾವು ಬದುಕಲು ಬಿಡುವುದಿಲ್ಲ. ತಿಂಗಳಿಗೊಮ್ಮೆ ಒಬ್ಬರು ಬಂದು ಮೀನನ್ನು ಬಕೆಟ್ಟಿಗೆ ಹಾಕಿ, ಇದ್ದ ನೀರನ್ನೆಲ್ಲ ಚೆಲ್ಲಿ, ಗಾಜು, ಕಲ್ಲು, ಸ್ಪಂಜು ಎಲ್ಲವನ್ನೂ ನಲ್ಲಿಯಡಿ ಹಿಡಿದು ಉಜ್ಜಿ, ಹೊಸ ನೀರು ತುಂಬಿ, ನೀಲಿ ಔಷಧಿ ನಾಲ್ಕು ಹನಿ ಬಿಟ್ಟು ಹೋಗುತ್ತಾರೆ. ನಲ್ಲಿ ನೀರಿನ ಕ್ಲೋರಿನ್ ನಮ್ಮನ್ನು ಕಾಯುವುದೇ ಬ್ಯಾಕ್ಟೀರಿಯಾ ಕೊಂದು. ಅದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಸ್ಪಂಜಿನಲ್ಲಿದ್ದವೂ ಸಾಯುತ್ತವೆ, ಮೀನಿನ ಕಿವಿರೂ ಬೇಯುತ್ತದೆ. ಆ ನೀಲಿ ಔಷಧಿ ಸ್ಪಂಜಿನ ಬ್ಯಾಕ್ಟೀರಿಯಾಗೆ ಇನ್ನೊಂದು ಪೆಟ್ಟು.

ಇದರ ಮೇಲೆ ಪ್ಲಗ್ಗಿನ ಕಥೆ. ತೊಟ್ಟಿಯ ಫಿಲ್ಟರಿಗೂ ಏರ್ ಪಂಪಿಗೂ ಸೇರಿ ಗೋಡೆಯಲ್ಲಿರುವುದು ಒಂದೇ ಸಾಕೆಟ್ಟು, ಇಡೀ ಹಾಲ್‌ಗೂ ಅದೇ. ಕಾಯುವವರು ಫಿಲ್ಟರಿನ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕುತ್ತಾರೆ, ಟೋಕನ್ ಕೂಗಿದಾಗ ಫೋನ್ ತೆಗೆದುಕೊಂಡು ಎದ್ದು ಹೋಗುತ್ತಾರೆ. ನೀರು ಹರಿಯುವುದು ನಿಂತು ಗಂಟೆಗಳು ಕಳೆದರೆ ಆಮ್ಲಜನಕವಿಲ್ಲದೆ ಸ್ಪಂಜಿನ ಜೀವ ಕುಗ್ಗುತ್ತದೆ. ಅವರನ್ನೂ ಹೇಗೆ ಬೈಯುವುದು? ಊರಿನಿಂದ ಬಂದವರು, ಮನೆಗೆ ಫೋನ್ ಮಾಡಬೇಕು.

ಇಂಥ ನೀರನ್ನು ಸರಿಪಡಿಸಲು ಹೊರಟವರು ಮೊದಲು ಮಾಡುವ ಕೆಲಸವೇ ಮೀನನ್ನು ಕೊಲ್ಲಬಹುದು ಎಂಬುದು ಈ ಪತ್ರ ಬರೆಯಲು ಮುಖ್ಯ ಕಾರಣ. ಸ್ಪಂಜಿನ ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ಆಮ್ಲ ಹುಟ್ಟುತ್ತದೆ, ಆ ಆಮ್ಲವನ್ನು ತಡೆಯುವ, ನೀರಿನಲ್ಲಿದ್ದ ಕಾರ್ಬೊನೇಟ್ ಖರ್ಚಾಗಿಹೋಗಿ ಪಿಎಚ್ ಇಳಿಯುತ್ತದೆ. ಪಿಎಚ್ 6ಕ್ಕೆ ಬಂದಾಗ ಬ್ಯಾಕ್ಟೀರಿಯಾ ಮಂಕಾಗುತ್ತವೆ, ಅಮೋನಿಯಾ ಏರುತ್ತದೆ. ಆದರೂ ಮೀನು ಸಾಯುವುದಿಲ್ಲ. ಹುಳಿ ನೀರಿನಲ್ಲಿ ಅಮೋನಿಯಾ ಬಹುತೇಕ ಅಮೋನಿಯಂ ಆಗಿರುತ್ತದೆ, ಅದರ ವಿಷ ಕಡಿಮೆ. ಪಿಎಚ್ 6ರಿಂದ 7ಕ್ಕೆ ಏರಿದರೆ ವಿಷದ ಪಾಲು ಹತ್ತರಷ್ಟು, 8ಕ್ಕೆ ಏರಿದರೆ ನೂರರಷ್ಟರ ಹತ್ತಿರ. ಅಯ್ಯೋ ಪಾಪ ಎಂದು ಒಂದೇ ದಿನ ಅರ್ಧ ತೊಟ್ಟಿ ತೆಗೆದು ಹೊಸ ನೀರು ಸುರಿದರೆ ಅಮೋನಿಯಾ ಅರ್ಧಕ್ಕಿಳಿಯಬಹುದು, ಪಿಎಚ್ ಜಿಗಿದು ಉಳಿದರ್ಧವೇ ಮೀನಿಗೆ ಯಮನಾಗುತ್ತದೆ. "ನೀರು ಬದಲಿಸಿದ ಮಾರನೇ ದಿನವೇ ಸತ್ತುಹೋಯಿತು, ಅದಕ್ಕೇ ನಾವು ಬದಲಿಸುವುದಿಲ್ಲ" ಎನ್ನುವವರು ಕಂಡದ್ದು ಇದನ್ನೇ ಇರಬೇಕು.

ಆದ್ದರಿಂದ ದಿನಕ್ಕೆ ಹತ್ತರಲ್ಲಿ ಒಂದು ಪಾಲು ಮಾತ್ರ, ಅಂದರೆ ಈ ತೊಟ್ಟಿಗೆ ಒಂದು ಬಕೆಟ್ಟು. ಪೈಪನ್ನು ತಳಕ್ಕೆ ಇಳಿಸಿ ಗಲೀಜಿನ ಸಮೇತ ಎಳೆಯಬೇಕು. ಪಿಎಚ್ ನಿಧಾನವಾಗಿ 7 ದಾಟಿ, ಅಮೋನಿಯಾ ಹಸಿರು ತಿಳಿಯಾದ ಮೇಲೆ ವಾರಕ್ಕೊಮ್ಮೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಬದಲಿಸಿದರೆ ನಡೆಯುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಅದ್ದಿ ಹಿಂಡಬೇಕು. ನಲ್ಲಿಯಡಿ ಕೂಡದು.

ಕ್ಲೋರಿನ್ ಇಲ್ಲದ ನೀರು ಎಲ್ಲಿಂದ ತರುವುದು? ಅದಕ್ಕೆ ಉತ್ತರ ಅದೇ ಕಟ್ಟಡದಲ್ಲಿತ್ತು. ಡಯಾಲಿಸಿಸ್‌ಗೆ ಬಳಸುವ ನೀರಿನಲ್ಲಿ ಕ್ಲೋರಿನ್, ಕ್ಲೋರಮಿನ್ ಉಳಿದರೆ ರೋಗಿಯ ಕೆಂಪು ರಕ್ತಕಣ ಒಡೆಯುತ್ತವೆ. ಹಾಗಾಗಿ ಆರ್‌ಒ ಯಂತ್ರಕ್ಕೆ ಮುಂಚೆ ಕಾರ್ಬನ್ ಫಿಲ್ಟರ್ ಇರುತ್ತದೆ, ಟೆಕ್ನಿಷಿಯನ್ ಹುಡುಗ ಪಾಳಿ ಶುರುವಾಗುವ ಮುಂಚೆ ನೀರು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುತ್ತಾನೆ. ಗೋಡೆಯ ಆ ಕಡೆ ಇಷ್ಟು ಎಚ್ಚರ, ಈ ಕಡೆ ಮೀನಿಗೆ ನೇರ ನಲ್ಲಿ ನೀರು. ಅವನನ್ನೇ ಕೇಳಿದೆ. "ಮೇಡಂ, ಆರ್‌ಒ ನೀರೇ ಕೊಡ್ತೀನಿ, ಫುಲ್ ಪ್ಯೂರ್" ಎಂದ. ಅದು ಬೇಡ ಎಂದೆ. ಆರ್‌ಒ ನೀರಿನಲ್ಲಿ ಕಾರ್ಬೊನೇಟೂ ಇರುವುದಿಲ್ಲ, ಪಿಎಚ್ ಮತ್ತೆ ಕುಸಿಯುತ್ತದೆ. ಕಾರ್ಬನ್ ಫಿಲ್ಟರ್ ಆದಮೇಲೆ, ಆರ್‌ಒಗೆ ಮುಂಚೆ ಸಿಗುವ ನೀರು ಸಾಕು. ಅಲ್ಲಿ ಸ್ಯಾಂಪಲ್ ಹಿಡಿಯುವ ನಲ್ಲಿ ಇತ್ತು. ಬೇರೆಯವರಿಗೆ ಈ ಸೌಕರ್ಯ ಎಲ್ಲಿ ಬರಬೇಕು, ಅವರು ಅಂಗಡಿಯ ಆಂಟಿ-ಕ್ಲೋರಿನ್ ಹನಿ ಹಾಕಿದರಾಯಿತು. ಅದರಲ್ಲಿರುವುದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಹೈಪೋ ಎನ್ನುತ್ತಿದ್ದರಲ್ಲ, ಅದೇ.

ಬಕೆಟ್ಟಿನ ಕೆಲಸವನ್ನು ಹೌಸ್‌ಕೀಪಿಂಗ್‌ನ ಅಕ್ಕ ಒಬ್ಬರು ಯಾರೂ ಹೇಳದೆ ವಹಿಸಿಕೊಂಡರು. ಅಮೋನಿಯಾ ಇಳಿದಾಗ ನೈಟ್ರೈಟ್ ಏರಿತು, ಏರಲೇಬೇಕು. ನೈಟ್ರೈಟ್ ರಕ್ತಕ್ಕೆ ಸೇರಿದರೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ಅದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ. ಲೀಟರಿಗೆ ಒಂದು ಗ್ರಾಂಗಿಂತ ಹೆಚ್ಚಿಲ್ಲದಂತೆ ಕಲ್ಲುಪ್ಪು ಕರಗಿಸಿ ಹಾಕಿದರೆ ಉಪ್ಪಿನ ಕ್ಲೋರೈಡ್ ಕಿವಿರಿನ ಬಳಿ ನೈಟ್ರೈಟನ್ನು ತಡೆಯುತ್ತದೆ. ಊಟವನ್ನು ದಿನ ಬಿಟ್ಟು ದಿನ ನಾಲ್ಕಾರು ಕಾಳಿಗೆ ಇಳಿಸಿದೆವು. ಈಗ ಮೀನು ತೊಟ್ಟಿಯ ಮಧ್ಯಕ್ಕೆ ಬಂದು ನಿಲ್ಲುತ್ತದೆ, ಅಕ್ಕನನ್ನು ಕಂಡರೆ ಮುಂದೆ ಬರುತ್ತದೆ. ತಲೆಯ ಗುಳಿಗಳು ಹಾಗೇ ಇವೆ.

ಇಷ್ಟೆಲ್ಲ ಆದ ಮೇಲೆ ಆಡಳಿತದವರು, ತೊಟ್ಟಿ ತೆಗೆಸಿ ಮೀನನ್ನು ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡೋಣ ಎನ್ನುತ್ತಿದ್ದಾರಂತೆ. ದಯವಿಟ್ಟು ಬೇಡ. ಕೆರೆಗೂ ಬೇಡ, ಹೊಳೆಗೂ ಬೇಡ. ಅದು ಬೇರೆ ಖಂಡದ, ಚಿಕ್ಕ ಮೀನುಗಳನ್ನು ನುಂಗುವ ಮೀನು. ನಮ್ಮ ಕಾವೇರಿಯ ಮಹಶೀರ್ ಮೀನಿನ ಒಂದು ಜಾತಿ ಈಗಾಗಲೇ ಅಳಿವಿನ ಅಂಚಿನಲ್ಲಿದೆ, ಹೊಸ ನೆಂಟರು ಬೇಕಿಲ್ಲ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ. ಓಡಾಡಲು ಸಾಲುವಷ್ಟು ಉದ್ದ, ಅಗಲ, ಎತ್ತರವಿಲ್ಲದ ಕಡೆ ಕೂಡಿಹಾಕುವುದು 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ! ಆಸ್ಪತ್ರೆಯ ಪಾರ್ಕಿಂಗ್ ಚೀಟಿಯೇ ವಾಸಿ. ಹಾಗಾಗಿ ಕಾನೂನಿನ ಮಾತು ಬಿಟ್ಟು ಕೇಳುತ್ತಿದ್ದೇನೆ. ಐದಾರಡಿ ಉದ್ದದ ತೊಟ್ಟಿ ಕೊಡಿಸಿ, ಇಲ್ಲವೇ ಅಂಥದ್ದು ಇರುವವರಿಗೆ ಮೀನನ್ನು ಒಪ್ಪಿಸಿ. ಫಿಲ್ಟರಿಗೆ ಕೈಗೆಟುಕದ ಎತ್ತರದಲ್ಲಿ ಪ್ರತ್ಯೇಕ ಸಾಕೆಟ್ಟು ಹಾಕಿಸಿ, ಜನರಿಗೆ ಚಾರ್ಜಿಂಗ್ ಜಾಗ ಬೇರೆ ಕೊಡಿ. ತಿಂಗಳಿಗೊಮ್ಮೆ ಬರುವ ಆ ಮನುಷ್ಯನನ್ನು ಬಿಡಿಸಬೇಡಿ; ತಿಂಗಳಿಗೊಂದು ಸಲದ ಕೂಲಿ ಕೊಟ್ಟಿದ್ದಕ್ಕೆ ಅವನು ತಿಂಗಳಿಗೊಂದು ಸಲ ತೊಳೆದ. ವಾರದ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಾಲು ಭಾಗ ನೀರು ಮಾತ್ರ ತೆಗೆಯಲು ಹೇಳಿ. ಬಕೆಟ್ ಹೊರುವ ಅಕ್ಕನಿಗೂ ಅದರಲ್ಲಿ ಪಾಲಿರಲಿ.

ಯಜಮಾನರ ಚಿಕಿತ್ಸೆ ಅಲ್ಲೇ ಮುಂದುವರಿಯಬೇಕಾಗಿರುವುದರಿಂದ ಆಸ್ಪತ್ರೆಯ ಹೆಸರು ಬರೆದಿಲ್ಲ. ನನ್ನ ಹೆಸರನ್ನೂ ದಯವಿಟ್ಟು ಪ್ರಕಟಿಸಬೇಡಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಕುವೆಂಪುನಗರ, ಮೈಸೂರು